ಅಂಚು ಬಾಗಿದ ತಾಟು

ತೊಳೆದ ತಾಟುಗಳನ್ನು ಬಿಸಿಯೂಟದ ಅಡುಗೆಯ ಸೀತವ್ವ ಒಂದೊಂದಾಗಿ ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದಳು. ಊಟವಾದ ಮೇಲೆ ಮಕ್ಕಳೇ ತಮ್ಮ ತಾಟು ತೊಳೆದಿಡುವುದು ಈ ಹೈಸ್ಕೂಲಿನ ಪದ್ಧತಿ. ಇವತ್ತು ಅರ್ಧಕ್ಕೇ ಎದ್ದು ಓಡಿದ್ದರು. ನಳದ ಕಟ್ಟೆಯ ಮೇಲೆ ಅನ್ನ, ಸಾರು, ನಡುವೆ ರಕ್ತ. ನೀರು ಸುರಿದಷ್ಟೂ ಅದು ಗಚ್ಚಿನ ಬಿರುಕಿಗೆ ಇಳಿಯುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ.

ರಕ್ತ ಅವಳ ಮಗಳು ದೀಪಾಳದು.

ಮಕ್ಕಳು ಮಕ್ಕಳನ್ನೇ ಪೀಡಿಸುವುದನ್ನು ತಡೆಯಲೆಂದು ಶಿಕ್ಷಕಿ ದ್ರಾಕ್ಷಾಯಿಣಿ ಅಕ್ಕೋರು ಆರು ಮಕ್ಕಳನ್ನು ಆರಿಸಿ ತೋಳಿಗೆ ಹಸಿರು ಪಟ್ಟಿ ಕಟ್ಟಿದ್ದರು. ಒಂಬತ್ತನೆಯ ತರಗತಿಯ ದೀಪಾ ಅವರಲ್ಲೊಬ್ಬಳು. ಗೋಕಾಕದಿಂದ ಬಂದ ತರಬೇತಿಯವರು ಅವರಿಗೆ ಮೂರು ದಿನ ಕಲಿಸಿದ್ದರು: ಪೆಟ್ಟು ತಿನ್ನುವವರ ಬಾಜೂ ಹೋಗಿ ನಿಲ್ಲು, ಹೊಡೆಯುವವನ ಹೆಸರು ಹಿಡಿದು ‘ಬಿಡು’ ಅನ್ನು, ಕೈ ಎತ್ತಬೇಡ, ಹತ್ತಿರದ ದೊಡ್ಡವರನ್ನು ಕರೆ.

“ಕೈ ಎತ್ತಲಾರದ ಪೊಲೀಸಗಿತ್ತಿ,” ಎಂದು ಸೀತವ್ವ ಮನೆಯಲ್ಲಿ ನಕ್ಕಿದ್ದಳು.

“ನಗಬ್ಯಾಡ ಅವ್ವಾ. ದೊಡ್ಡವರು ಅಂದ್ರ ನೀನೂ ಬಂದಿ.”

ಇವತ್ತು ಊಟದ ಹೊತ್ತಿಗೆ ನಳದ ಕಟ್ಟೆಯ ಬಳಿ ಭೀಮೇಶ ಅಖ್ತರನ ಕುತ್ತಿಗೆ ಹಿಡಿದು ಹಬೆಯಾಡುವ ಸಾರಿನ ಬಕೆಟ್ಟಿಗೆ ಅವನ ಮುಖ ಒತ್ತುತ್ತಿದ್ದ. ಭೀಮೇಶ ಶಾಲಾ ಸಮಿತಿ ಅಧ್ಯಕ್ಷ ಅಣ್ಣಾಸಾಹೇಬರ ಮಗ.

“ನೆಕ್ಕಲೇ. ಉಪ್ಪು ಸಾಕೇನ ಹೇಳು.”

ಅಖ್ತರನ ಗದ್ದ ಸಾರಿಗೆ ತಾಗಿ ಅವನು ಕಿರುಚಿದ. ದೀಪಾ ಹೋಗಿ ಅವನ ಬಾಜೂ ನಿಂತಳು.

“ಭೀಮೇಶ, ಬಿಡು.”

“ಅನ್ನ ಬೇಯ್ಸಾಕಿ ಮಗಳು ನೀ. ಸೌಟು ಹಿಡಿ ಹೋಗು.”

“ಭೀಮೇಶ, ಬಿಡು ಅವನ್ನ.”

ಅವನು ಬಿಟ್ಟ. ಕೈಯಲ್ಲಿದ್ದ ತಾಟಿನ ಅಂಚಿನಿಂದ ಅವಳ ಹುಬ್ಬಿಗೆ ಹೊಡೆದ. ಹುಬ್ಬು ಬಿರಿಯಿತು. ಜಡೆ ಹಿಡಿದು ತಲೆಯನ್ನು ಕಟ್ಟೆಗೆ ಬಡಿದ, ಬಿದ್ದ ಮೇಲೆ ಹೊಟ್ಟೆಗೆ ಒದ್ದ, ಮತ್ತೆ ಒದ್ದ. ದೀಪಾ ಎರಡೂ ಮುಷ್ಟಿ ಬಿಗಿಹಿಡಿದಿದ್ದಳು. ಎತ್ತಲಿಲ್ಲ. “ಅವ್ವಾ,” ಎಂದು ಒಮ್ಮೆ ಕರೆದಳು.

ಸೀತವ್ವ ಐದು ಹೆಜ್ಜೆಯಾಚೆ ನಿಂತಿದ್ದಳು. ಸೌಟಿನ ಸಾರು ಸೋರಿ ಪಾದ ಸುಡುತ್ತಿತ್ತು. ಕಾಲು ಮುಂದೆ ಬರಲಿಲ್ಲ. ಈ ಕೆಲಸ ಕೊಡಿಸಿದವರು ಅಣ್ಣಾಸಾಹೇಬರು.

ಅಕ್ಕೋರು ಓಡಿ ಬಂದು ಕೇಳಿದಾಗ ಮಕ್ಕಳು ಬಾಯಿ ತೆರೆಯುವ ಮೊದಲೇ ಸೀತವ್ವ ಅಂದಳು: “ಜಾರಿ ಬಿದ್ಲರಿ.”

ಯಾರೂ ಹೇಳಿಕೊಟ್ಟಿರಲಿಲ್ಲ. ಗಂಡ ಲಗಮಪ್ಪ ಸತ್ತು ಆರು ವರ್ಷವಾಗಿತ್ತು. ಅವನು ಹೊಡೆದು ಅವಳ ಹಲ್ಲು ಉದುರಿಸಿದಾಗ, ಪಕ್ಕೆಲುಬು ಮುರಿದಾಗ, ಹುಕ್ಕೇರಿಯ ದವಾಖಾನೆಯಲ್ಲಿ ಪ್ರತಿಸಲ ಇದೇ ಮಾತು ಹೇಳಿದ್ದಳು. ನಾಲಿಗೆ ರೂಢಿಯ ದಾರಿಯಲ್ಲಿ ಹೋಗಿಬಿಟ್ಟಿತ್ತು.

ದೀಪಾ ರಕ್ತ ತುಂಬದ ಒಂದೇ ಕಣ್ಣಿನಿಂದ ತಾಯಿಯನ್ನು ನೋಡಿದಳು. ಹೊಲಿಗೆ ಹಾಕಿಸಲು ಗಾಡಿ ಹತ್ತಿಸುವಾಗ ಇಷ್ಟೇ ಅಂದಳು: “ಅಕ್ಕೋರು ಬಂದ್ರ ಸಾಕು. ನೀ ಬರಬ್ಯಾಡ.”

ಈಗ ಅಣ್ಣಾಸಾಹೇಬರು ಅಡುಗೆಕೋಣೆಯ ಬಾಗಿಲಿಗೆ ಬಂದರು.

“ಕಟ್ಟಿ ಭಾಳ ಜಾರತೈತಿ, ಸೀತವ್ವ. ನಾಳೆ ಸಮಿತಿ ಕೂಡತೈತಿ. ಅಲ್ಲೂ ಹಂಗ ಹೇಳು. ಈ ಹಸಿರು ಪಟ್ಟಿ ಆಟಾನೂ ಬಂದ್ ಮಾಡಸ್ತೀನಿ.”

“ಹೂಂನ್ರಿ.”

ಅವರು ಹೋದರು. ಕೊನೆಗೆ ಒಂದು ತಾಟು ಉಳಿದಿತ್ತು. ಅಂಚು ಬಾಗಿತ್ತು. ಬಾಗಿದಲ್ಲಿ ಒಣಗಿದ ರಕ್ತ, ಅದಕ್ಕಂಟಿದ ಎರಡು ಕೂದಲು. ಸೀತವ್ವ ಅದನ್ನು ನೀರಿಗೆ ಹಿಡಿಯಹೋದವಳು ನಳ ನಿಲ್ಲಿಸಿದಳು. ಇದನ್ನು ನಾಳೆ ಸಮಿತಿಯ ಮೇಜಿನ ಮೇಲಿಟ್ಟು, ಹೊಡೆದವನ ಹೆಸರು ಹಿಡಿದೇ ಹೇಳಬೇಕು. ನಿಂತು ನೋಡಿದವಳ ಹೆಸರನ್ನೂ. ತಾಟನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಅಕ್ಕಿ ಚೀಲದ ಹಿಂದೆ ಇಟ್ಟಳು.

ಜೊತೆಗೆ ಅಡುಗೆ ಮಾಡುವ ಮುಮ್ತಾಜ ಕಸ ಗುಡಿಸುತ್ತ ಬಂದು ತಾಟುಗಳ ಸಾಲು ನೋಡಿದಳು.

“ಒಂದು ಕಮ್ಮಿ ಐತಲ್ಲ, ಸೀತಕ್ಕಾ?”

“ಇಲ್ಲೇ ಎಲ್ಲೋ ಇರಬೇಕು ಬಿಡು,” ಎಂದಳು ಸೀತವ್ವ. “ನಾಳೆ ಸಿಗತೈತಿ.”