ಕಾವಲು ದಾರಿಯ ಬಹುಮಾನ

ಲಿಫ್ಟ್ ಸಾಹೇಬರಿಗೆ ಅಳಿಯನ ಮೇಲೆ ಮೊದಲು ಅನುಮಾನ ಬಂದದ್ದು ಅವನಲ್ಲಿ ಒಂದೂ ದೋಷ ಸಿಗದೇ ಹೋದಾಗ. ಇಪ್ಪತ್ತೇಳು ವರ್ಷ ಊರಿನ ಲಿಫ್ಟುಗಳನ್ನು ಪರೀಕ್ಷಿಸಿ ಸಹಿ ಹಾಕುತ್ತಾ ಬಂದವರು ಅವರು. ಸದ್ದೇ ಮಾಡದ ಲಿಫ್ಟು ಕಂಡರೆ ಅವರ ಕಿವಿ ನೆಟ್ಟಗಾಗುತ್ತದೆ. ಅಳಿಯನೋ, ಕಟ್ಟುಹಲ್ಲು ತಯಾರಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ದನಿ ಏರಿಸುವುದಿಲ್ಲ, ಅಡುಗೆ ಮಾಡುತ್ತಾನೆ, ಅತ್ತೆಯ ಮಂಡಿನೋವನ್ನು ಮರೆಯದೆ ವಿಚಾರಿಸುತ್ತಾನೆ. ಇಷ್ಟೆಲ್ಲ ಪುಕ್ಕಟೆ ಯಾರು ಕೊಡುತ್ತಾರೆ? ಎಲ್ಲೋ ಒಂದು ಕಡೆ ಬೋಲ್ಟು ಸಡಿಲ ಇರಲೇಬೇಕೆಂದು ಸಾಹೇಬರು ಎಂಟು ತಿಂಗಳಿಂದ ಹುಡುಕುತ್ತಿದ್ದರು.

"ನಿಮಗೇನ್ರೀ, ಕನ್ನಡಿಯಲ್ಲಿ ನಿಮ್ಮ ಮುಖ ಕಂಡ್ರೂ ಗುರುತಿನ ಚೀಟಿ ತೋರಿಸು ಅಂತೀರಿ" ಎಂದು ಹೆಂಡತಿ ಅಣಕಿಸುತ್ತಿದ್ದಳು. ಸಾಹೇಬರು ಅದಕ್ಕೆಲ್ಲ ಜಗ್ಗುವವರಲ್ಲ.

ಮದುವೆಯಾಗಿ ಹೋಗುವಾಗ ಮಗಳು ಅಪ್ಪನ ಲ್ಯಾಪ್‌ಟಾಪಿಗೆ ಒಂದು ಬಾಹ್ಯಾಕಾಶದ ಆಟ ಹಾಕಿಕೊಟ್ಟಿದ್ದಳು. ಸಾವಿರಾರು ಜನ ಆನ್‌ಲೈನಿನಲ್ಲಿ ಆಡುವ ಆಟ ಅದು. ಹಡಗು ತೆಗೆದುಕೊಂಡು, ಮಿಷನ್ ಒಪ್ಪಿಕೊಂಡು, ಒಂದು ಗ್ರಹದಿಂದ ಇನ್ನೊಂದಕ್ಕೆ ಸರಕು ಸಾಗಿಸಬೇಕು. ಭಾನುವಾರ ಮಧ್ಯಾಹ್ನ ಮೂರರಿಂದ ಐದು, ಮಗಳ ಮನೆಯ ಊಟದ ಮೇಜಿನ ಸುತ್ತ ಮೂರು ಲ್ಯಾಪ್‌ಟಾಪು. ಮಗಳು, ಅಳಿಯ, ಸಾಹೇಬರು. ಉಳಿದ ದಿನಗಳಲ್ಲಿ ಮಗಳು ಫೋನಿನಲ್ಲಿ ಊಟ ಆಯ್ತಾ, ಮಾತ್ರೆ ತಗೊಂಡ್ರಾ ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಈ ಎರಡು ಗಂಟೆ ಮಾತ್ರ ಅವಳು ಹಿಂದಿನ ಹಾಗೆ ಅಪ್ಪನ ಭುಜಕ್ಕೆ ಗುದ್ದಿ, ಬೈದು, ನಗುತ್ತಿದ್ದಳು. ಸಾಹೇಬರ ಪಾಲಿಗೆ ವಾರ ಎಂದರೆ ಆ ಎರಡು ಗಂಟೆಯೇ.

ಆಟದಲ್ಲಿ ಸಾಹೇಬರಿಗೆ ಮೆಚ್ಚಿಗೆಯಾದ ಸಂಗತಿ ಒಂದಿತ್ತು. ಅಪಾಯ ಎಷ್ಟೋ ಬಹುಮಾನ ಅಷ್ಟು. ಕಾವಲು ಪಡೆ ತಿರುಗುವ ದಾರಿಯ ಮಿಷನ್‌ಗೆ ಪುಡಿಗಾಸು. ಹೇಳುವವರು ಕೇಳುವವರು ಇಲ್ಲದ ದಾರಿಯದಕ್ಕೆ ಕೈತುಂಬ. ಅಲ್ಲಿ ದರೋಡೆಗಿಳಿಯುವವರೂ ಆಟಗಾರರೇ. ಹಡಗನ್ನು ಒಡೆದರೆ ಆ ಮಿಷನ್ನಿನ ಅರ್ಧ ಬಹುಮಾನ ಅವರಿಗೆ. ಒಡೆದ ಹಡಗು ಮತ್ತೆ ಬರುವುದಿಲ್ಲ, ಮೊದಲಿನಿಂದ ಕಟ್ಟಬೇಕು. ಹೀಗಾಗಿ ಬಹುಮಾನದ ಅಂಕಿ ನೋಡಿದರೆ ಸಾಕು, ದಾರಿ ಎಂಥದ್ದೆಂದು ತಿಳಿಯುತ್ತದೆ ಎಂದು ಸಾಹೇಬರು ನಂಬಿದ್ದರು. ಜಗತ್ತಿನ ಉಳಿದ ವ್ಯವಹಾರಗಳೂ ಇಷ್ಟು ನೆಟ್ಟಗಿದ್ದಿದ್ದರೆ ಎಂದು ಅವರಿಗೆ ಅನ್ನಿಸಿದ್ದುಂಟು.

ಒಂದು ಭಾನುವಾರ ಆಟ ಮುಗಿಸಿ ಏಳುವಾಗ ಅಳಿಯ ಹೇಳಿದ. "ಮಾವ, ಮುಂದಿನ ವಾರ ಆ ಔಷಧಿ ಸಾಗಿಸೋ ಮಿಷನ್ ಮಾಡೋಣ್ವಾ? ಪೂರ್ತಿ ಕಾವಲು ದಾರಿ. ತುರ್ತು ಔಷಧಿ ಅಂತ ಒಂಬೈನೂರು ನಾಣ್ಯ ಕೊಡ್ತಾರೆ."

ಕಾವಲು ದಾರಿಗೆ ಆರುನೂರರ ಮೇಲೆ ಕೊಟ್ಟದ್ದನ್ನು ಸಾಹೇಬರು ಕಂಡಿರಲಿಲ್ಲ. ಆಗಲಿ ಎಂದು ತಲೆಯಾಡಿಸಿದರೂ ತಲೆಯೊಳಗೆ ಹುಳ ಹೊಕ್ಕಿತು.

ಯಾವ ಲಿಫ್ಟಿಗೂ ಸಾಹೇಬರು ಸುಮ್ಮನೆ ಸಹಿ ಹಾಕಿದವರಲ್ಲ. ಮೊದಲು ಖಾಲಿ ಓಡಿಸುತ್ತಾರೆ, ಅರ್ಧ ದಾರಿಯಲ್ಲಿ ನಿಲ್ಲಿಸುತ್ತಾರೆ, ಕಿವಿಗೊಡುತ್ತಾರೆ, ವಾಪಸು ಇಳಿಸುತ್ತಾರೆ. ಈ ಮಿಷನ್‌ಗೂ ಅದೇ ಶಾಸ್ತ್ರ ಮಾಡಿದರು. ಸೋಮವಾರ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಮಿಷನ್ ಒಪ್ಪಿಕೊಂಡು, ಸರಕು ತುಂಬದೆ, ಒಂದು ವಲಯದಿಂದ ಇನ್ನೊಂದಕ್ಕೆ ದಾಟುವ ಮೊದಲ ದ್ವಾರದವರೆಗೆ ಹೋಗಿ, ಸುತ್ತಮುತ್ತ ನೋಡಿ, ಕೈಬಿಟ್ಟು ಬಂದರು. ಸಂಜೆ ಬಂದವರೇ ಬೂಟು ಬಿಚ್ಚುವ ಮುಂಚೆ ಇನ್ನೊಂದು ಸಲ. ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ಆದರೆ ಮಂಗಳವಾರ ಬಹುಮಾನ ಸಾವಿರದ ಮುನ್ನೂರಾಗಿತ್ತು, ಬುಧವಾರ ಸಾವಿರದ ಒಂಬೈನೂರು.

"ನೋಡಿದ್ಯಾ?" ಎಂದರು ಹೆಂಡತಿಗೆ. "ಖಾಲಿ ದಾರಿಗೆ ದುಡ್ಡು ಸುರೀತಿದ್ದಾರೆ. ಒಳಗೆ ಏನೋ ಮಸಲತ್ತಿದೆ."

"ಯಾರ್ದು?"

"ಇದನ್ನ ಆರಿಸಿದ್ಯಾರು ಹೇಳು."

ಹೆಂಡತಿ ಓದುತ್ತಿದ್ದ ಪೇಪರನ್ನು ಕೆಳಗಿಳಿಸಿ ಗಂಡನನ್ನು ಒಂದು ಗಳಿಗೆ ನೋಡಿದಳು. "ಆ ಹುಡುಗ ನಿಮ್ಮ ಡಬ್ಬಿ ಹಡಗು ಕದ್ದು ಏನ್ರೀ ಮಾಡ್ತಾನೆ? ಅಟ್ಟದ ಮೇಲೆ ಇಟ್ಕೊಳ್ತಾನಾ?"

ಗುರುವಾರ ಸಂಜೆ ದ್ವಾರದ ಆಚೆ ಎರಡು ಕಪ್ಪು ಹಡಗು ದೀಪ ಆರಿಸಿಕೊಂಡು ನಿಂತಿದ್ದವು. ಸಾಹೇಬರು ಅಲ್ಲಿಂದಲೇ ಹಡಗು ತಿರುಗಿಸಿದರು. ಶುಕ್ರವಾರ ನಾಲ್ಕು, ಶನಿವಾರ ಐದು. ಬಹುಮಾನ ನಾಲ್ಕು ಸಾವಿರದ ಇನ್ನೂರು. ಸಾಹೇಬರ ಲೆಕ್ಕದಲ್ಲಿ ಇನ್ನು ಸಂಶಯಕ್ಕೆ ಜಾಗವೇ ಇರಲಿಲ್ಲ. ಅಳಿಯ ದರೋಡೆಕೋರರ ಜೊತೆ ಕೈಜೋಡಿಸಿದ್ದಾನೆ, ಮಾವನ ಹಡಗು ಒಡೆಸಿ ಪಾಲು ಹೊಡೆಯುತ್ತಾನೆ. ಆಟದಲ್ಲಿ ಮಾವನಿಗೆ ಕೈಕೊಡುವವನು ಮನೆಯಲ್ಲಿ ಮಗಳಿಗೆ ಕೊಡುವುದಿಲ್ಲ ಎಂದು ಏನು ಖಾತ್ರಿ? ಅವರಿಗೆ ನಿಜಕ್ಕೂ ಭಯವಾಯಿತು. ಆ ಭಯದ ಹಿಂದೆ, ಕೊನೆಗೂ ಸಡಿಲ ಬೋಲ್ಟು ಸಿಕ್ಕಿತಲ್ಲ ಎಂಬ ಸಣ್ಣ ಖುಷಿಯೂ ಇತ್ತು. ಅದನ್ನು ಅವರು ಒಪ್ಪಿಕೊಳ್ಳುತ್ತಿರಲಿಲ್ಲ ಅಷ್ಟೆ.

ಭಾನುವಾರ ಮೂರು ಗಂಟೆಗೆ ಮೂವರೂ ಮೇಜಿಗೆ ಕೂತರು. ಹೆಂಡತಿ ಸೋಫಾದ ಮೇಲೆ ಕಾಲು ಚಾಚಿದಳು. ಅಳಿಯನ ಉಗುರಿನ ಸಂದಿಯಲ್ಲಿ ಹಲ್ಲಿನ ಅಚ್ಚು ತೆಗೆಯುವ ಬಿಳಿ ಗಚ್ಚಿನ ಪುಡಿ ಇನ್ನೂ ಇತ್ತು. ಅವನು ಪರದೆ ನೋಡುತ್ತಲೇ ಮೆಲ್ಲಗೆ ಅಂದ. "ಮಾವ, ಇವತ್ತು ಬೇರೆ ಯಾವ್ದಾದ್ರೂ ಮಿಷನ್ ಮಾಡೋಣ್ವಾ? ಅದು ಬೇಡ ಅನ್ಸುತ್ತೆ."

ಓಹೋ, ಕಾಲು ಕಿತ್ತ ಎಂದುಕೊಂಡರು ಸಾಹೇಬರು. "ಯಾಕೆ? ನೀವೇ ಹೇಳಿದ್ದಲ್ವಾ? ಅದನ್ನೇ ಮಾಡೋಣ."

ಅಳಿಯ ಮಗಳ ಮುಖ ನೋಡಿದ, ಮಗಳು ಅಪ್ಪನ ಮುಖ ನೋಡಿದಳು.

"ಸರಿ. ಹಾಗಾದ್ರೆ ನಾನು ಮುಂದೆ ಹೋಗ್ತೀನಿ" ಎಂದ ಅಳಿಯ.

ಮುಂದೆ ಹೋಗಿ ಸನ್ನೆ ಮಾಡುವ ಉಪಾಯ ಎಂದು ಸಾಹೇಬರು ಒಳಗೊಳಗೇ ಗುರುತು ಹಾಕಿಕೊಂಡರು. ಅವರ ಬಳಿಯೂ ಉಪಾಯವಿತ್ತು. ಔಷಧಿಯನ್ನು ಮೂರೂ ಹಡಗಿಗೆ ಹಂಚಿ ತುಂಬಿದರು. ಮುಂದೆ ಅಳಿಯನ ಸಣ್ಣ ಹಡಗು, ನಡುವೆ ಸಾಹೇಬರ ಭಾರೀ ಹಡಗು, ಹಿಂದೆ ಅಪ್ಪನ ಕಾವಲಿಗೆ ಮಗಳು. ಅಳಿಯ ದ್ವಾರ ದಾಟಿದ. "ಬಂದೆ, ಹಿಂದೇ ಬಂದೆ" ಎನ್ನುತ್ತ ಸಾಹೇಬರು ದ್ವಾರದ ಈಚೆಯೇ ಹಡಗು ನಿಲ್ಲಿಸಿದರು. ದರೋಡೆಕೋರರು ಅಳಿಯನನ್ನು ಮುಟ್ಟದೆ ಬಿಟ್ಟರೆ ಬಣ್ಣ ಬಯಲಾದಂತೆ.

ಮುಟ್ಟದೆ ಬಿಡಲಿಲ್ಲ. ಐದೂ ಹಡಗು ಒಟ್ಟಿಗೆ ಮೇಲೆ ಬಿದ್ದವು.

"ಮಾವ, ಬರಬೇಡಿ! ಅಲ್ಲೇ ಇರಿ!" ಎಂದು ಅಳಿಯ ಮೊದಲ ಸಲ ದನಿ ಏರಿಸಿದ. ಓಡಿಬಿಡಬಹುದಿತ್ತು. ಆದರೆ ದ್ವಾರಕ್ಕೆ ಅಡ್ಡವಾಗಿ ಹಡಗು ತಿರುಗಿಸಿ ನಿಂತ, ದರೋಡೆಕೋರರು ಈಚೆ ದಾಟದ ಹಾಗೆ.

"ಅಪ್ಪಾ, ಜರುಗಿ! ನಾನು ಹೋಗ್ಬೇಕು!" ಮಗಳು ಕಿರುಚಿದಳು. ಅಪ್ಪನ ಹಡಗು ದ್ವಾರದ ಬಾಯಿಗೇ ಕೂತಿತ್ತು, ಅವಳಿಗೆ ಮುಂದೆ ಹೋಗಲು ದಾರಿಯೇ ಇರಲಿಲ್ಲ. ಸಾಹೇಬರ ಬೆರಳಿಗೆ ಗುಂಡಿ ಸಿಗಲಿಲ್ಲ. ಕಾವಲು ಪಡೆ ಬರುವಷ್ಟರಲ್ಲಿ ಅಳಿಯನ ಹಡಗು ಚೂರುಚೂರಾಗಿತ್ತು. ಎರಡು ವರ್ಷ ಕೂತು ಕಟ್ಟಿದ ಹಡಗು ಅದು.

ಹಡಗು ಕಳೆದುಕೊಂಡವನಿಗೆ ಆಟವೇ ಆ ದಾರಿಯ ಒಂದು ವಾರದ ದಾಖಲೆ ತೋರಿಸುತ್ತದೆ. ಸಾಹೇಬರು ಒಮ್ಮೆಯೂ ಹಡಗು ಕಳೆದುಕೊಂಡವರಲ್ಲವಾದ್ದರಿಂದ ಅದನ್ನು ಕಂಡಿರಲಿಲ್ಲ. ಅಳಿಯ ಲ್ಯಾಪ್‌ಟಾಪು ಮುಚ್ಚಲು ಕೈ ಹಾಕಿದ, ಮಗಳು ತಡೆದು ಗಟ್ಟಿಯಾಗಿ ಓದಿದಳು. "ಅರ್ಧಕ್ಕೇ ಕೈಬಿಟ್ಟ ಮಿಷನ್‌ಗಳು ಹನ್ನೆರಡು. ಪ್ರತಿ ಸಲ ಕೈಬಿಟ್ಟಾಗಲೂ ದಾರಿಯ ಅಪಾಯ ಒಂದು ಮೆಟ್ಟಿಲು ಏರಿಸಿ, ಬಹುಮಾನ ಹೆಚ್ಚಿಸಲಾಗಿದೆ." ಕೆಳಗೆ ಕೈಬಿಟ್ಟವರ ಪಟ್ಟಿ ಇತ್ತು. ಹನ್ನೆರಡು ಸಾಲಿನಲ್ಲೂ ಒಂದೇ ಹೆಸರು, ಬಿಗಿಬೋಲ್ಟು. ಅಪ್ಪನಿಗೆ ಆಟದಲ್ಲಿ ಆ ಹೆಸರಿಟ್ಟವಳು ಅವಳೇ.

ಸಾಹೇಬರ ಮುಖ ಹುಳ್ಳಗಾಯಿತು. ದಾರಿಯಲ್ಲಿ ಯಾವ ಕೇಡೂ ಇರಲಿಲ್ಲ. ಪರೀಕ್ಷೆ ಮಾಡಿ ಮಾಡಿ ಬೆಲೆ ಏರಿಸಿದವರು ಅವರು, ಆ ಬೆಲೆಯ ವಾಸನೆ ಹಿಡಿದು ಬಂದವರು ದರೋಡೆಕೋರರು.

"ಯಾಕಪ್ಪಾ?" ಎಂದಳು ಮಗಳು.

ಸುಳ್ಳು ಹೇಳಬಹುದಿತ್ತು, ಆಟ ಕಲಿಯುತ್ತಿದ್ದೆ ಎನ್ನಬಹುದಿತ್ತು. ಹೇಳಿದರೆ ಈ ಮೇಜು, ಈ ಎರಡು ಗಂಟೆ ಎಲ್ಲ ಹೋಗುತ್ತದೆ ಎಂದೂ ಗೊತ್ತಿತ್ತು. ಆದರೂ ಹೇಳಿದರು. "ಇವರ ಮೇಲೆ ಅನುಮಾನ ಇತ್ತು, ಮಗಳೇ. ಅದಕ್ಕೇ ಹಿಂದೆ ನಿಂತೆ."

ಮಗಳ ಕಣ್ಣು ತುಂಬಿತು.

"ಬುಧವಾರವೇ ನೋಡಿದ್ದೆ ಮಾವ" ಎಂದ ಅಳಿಯ, ಉಗುರಿನ ಗಚ್ಚು ಕೆರೆಯುತ್ತಾ. "ಆ ದಾಖಲೆ ಮಿಷನ್ ಪಟ್ಟಿಯ ಕೆಳಗೆ ಹುಡುಕಿದ್ರೂ ಸಿಗುತ್ತೆ."

"ನೋಡಿದ್ರಾ? ಮತ್ತೆ ಬಾಯಿ ಬಿಡಲಿಲ್ಲ ಯಾಕೆ?"

"ಹೇಳಿದ್ರೆ ನಿಮಗೆ ಅವಮಾನ ಆಗೋದು. ಭಾನುವಾರ ನೀವು ಬರ್ತಿರ್ಲಿಲ್ಲ. ಶನಿವಾರ ರಾತ್ರಿನೇ ಮೂರು ಕುರ್ಚಿ ಎಳೆದು ಇಡ್ತಾಳೆ ಇವಳು."

ಅಳಿಯ ಒಂದು ವಿಷಯ ಮುಚ್ಚಿಟ್ಟಿದ್ದಾನೆ ಎಂಬ ಸಾಹೇಬರ ಅನುಮಾನ ಸರಿಯಾಗಿಯೇ ಇತ್ತು, ಮುಚ್ಚಿಟ್ಟದ್ದು ಇದನ್ನು.

"ನನ್ನ ಹಡಗು ತಗೊಳ್ಳಿ" ಎಂದರು ಕೊನೆಗೆ.

"ಬೇಡ ಮಾವ. ಮುಂದಿನ ವಾರ ನೀವು ಮುಂದೆ ಹೋಗಿ. ಯಾವ್ದಾದ್ರೂ ಹಳೇ ಹಡಗು ಹಿಡ್ಕೊಂಡು ನಿಮ್ಮ ಹಿಂದೆ ನಾನಿರ್ತೀನಿ."

ಹಿಂದೆ ನಿಂತು ಇವನೇನು ಮಾಡಬಹುದು ಎಂಬ ಯೋಚನೆ ಸಾಹೇಬರಿಗೆ ಅಷ್ಟರಲ್ಲೂ ಬಂದೇಬಂತು. ನಾಚಿಕೆಯಿಂದ ಅವರು ತಲೆ ತಗ್ಗಿಸಿದರು. ಮಗಳು ಕಣ್ಣೊರೆಸಿಕೊಂಡು ಅಪ್ಪನ ಉತ್ತರಕ್ಕೆ ಕಾಯುತ್ತಿದ್ದಳು.

"ಆಗಲಿ, ನಾನೇ ಮುಂದೆ ಹೋಗ್ತೀನಿ" ಎಂದರು.