ಗೌರವಿಸುತ್ತೇವೆ

ದೇಶದೇಶಗಳ ವ್ಯಾಜ್ಯ ಕೇಳುವ ನ್ಯಾಯಾಲಯ ತೀರ್ಪು ಕೊಟ್ಟು ಇಪ್ಪತ್ತು ದಿನವಾಗಿತ್ತು: ಹಿಡಿದಿಟ್ಟ ಹಡಗನ್ನೂ ಅದರಲ್ಲಿದ್ದ ಹನ್ನೊಂದು ಜನರನ್ನೂ ಬಿಡತಕ್ಕದ್ದು. ಆ ಹನ್ನೊಂದರಲ್ಲಿ ಹಡಗಿನ ಅಡುಗೆಯವನು ವಿದೇಶಾಂಗ ಕಚೇರಿಯ ಅನುವಾದಕಿಯ ಒಡಹುಟ್ಟಿದ ತಮ್ಮ. ದೇವರ ದಯೆಯೋ ಪರೀಕ್ಷೆಯೋ, ಆ ಹಡಗಿನ ಕಾಗದಗಳೆಲ್ಲ ಅವಳ ಮೇಜಿಗೇ ಬರುತ್ತಿದ್ದವು.

ಕಚೇರಿಯವರು ಎರಡು ಬಲಾಢ್ಯ ದೇಶಗಳಿಗೆ ಅಡ್ಡಹೆಸರಿಟ್ಟಿದ್ದರು. ಹಡಗು ಹಿಡಿದದ್ದು ದೊಡ್ಡಪ್ಪ. ಕಡಲ ಕಾನೂನಿಗೆ ಮುಂದಾಗಿ ಸಹಿ ಹಾಕಿದವನು, ತನಗೊಗ್ಗದ ತೀರ್ಪು ಬಂದರೆ ಕಿವಿ ಕೇಳಿಸದವನು. ಇನ್ನೊಬ್ಬ ಮಾವ, ಅದೇ ಕಾನೂನನ್ನು ಊರಿಗೆಲ್ಲ ಉಪದೇಶಿಸುತ್ತ ತಾನು ಮಾತ್ರ ಸಹಿ ಹಾಕದವನು.

ತೀರ್ಪಿನ ಬಗ್ಗೆ ಕಚೇರಿ ಬರೆದಿದ್ದ ಪತ್ರಕ್ಕೆ ಅಂದು ಬೆಳಿಗ್ಗೆ ಇಬ್ಬರ ಉತ್ತರವೂ ಬಂತು. ಮಾವ ತೀರ್ಪನ್ನು ನಾಲ್ಕು ಪುಟದುದ್ದ ಹೊಗಳಿ, ಬೆಳವಣಿಗೆಗಳನ್ನು ಗಮನಿಸುತ್ತಿರುವುದಾಗಿ ಹೇಳಿ ಮುಗಿಸಿದ್ದ. ದೊಡ್ಡಪ್ಪನದು ಒಂದೇ ಸಾಲು. ಅದನ್ನು ಓದುತ್ತಲೇ ಅವಳ ಬೆರಳುಗಳು ತಾವಾಗಿ 'ತೀರ್ಪನ್ನು ಪಾಲಿಸುತ್ತೇವೆ' ಎಂದು ಬರೆದವು. ತಡೆಯಲಾರದೆ, ತಮ್ಮನನ್ನು ಬಿಡುತ್ತಾರಂತೆ ಎಂದು ಅಮ್ಮನಿಗೆ ಫೋನು ಮಾಡಿಯೂ ಬಿಟ್ಟಳು.

ಇಂಥ ಕಾಗದಗಳಲ್ಲೇ ತಲೆ ನರೆಸಿಕೊಂಡಿದ್ದ ಮೇಲಧಿಕಾರಿ ಮೂಲವನ್ನೂ ಕರಡನ್ನೂ ಎರಡು ಸಲ ಓದಿ ಕನ್ನಡಕ ತೆಗೆದರು.

"ಇದು 'ಪಾಲಿಸುತ್ತೇವೆ' ಅಲ್ಲಮ್ಮ. 'ಗೌರವಿಸುತ್ತೇವೆ'."

"ಎರಡೂ ಒಂದೇ ಅಲ್ವಾ ಸಾರ್?"

"ಮನೆಗೆ ಬಂದ ಬೀಗರನ್ನೂ ಗೌರವಿಸ್ತೀವಿ. ಅವರು ಹೇಳಿದ್ದೆಲ್ಲ ಮಾಡ್ತೀವಾ?"

ನಗಿಸಲೆಂದು ಅಂದ ಮಾತು. ಅವಳ ಮುಖ ನೋಡಿ ಅವರೇ ತಲೆತಗ್ಗಿಸಿದರು. ಮಾವನಿಂದ ಒಂದು ಮಾತು ಹೇಳಿಸಬಾರದೇ ಎಂದು ಅವಳು ಕೇಳಿದಳು. ಅವನು ಬಾಯಿ ತೆರೆದರೆ 'ನೀನು ಮೊದಲು ಸಹಿ ಹಾಕು' ಎಂದು ದೊಡ್ಡಪ್ಪ ಬಾಯಿ ಮುಚ್ಚಿಸುತ್ತಾನೆ ಎಂದರು ಮೇಲಧಿಕಾರಿ. ಹಾಗಾದರೆ ನ್ಯಾಯಾಲಯಕ್ಕೆ ಪೊಲೀಸರಿಲ್ಲವೇ? ಗೊತ್ತಿದ್ದೂ ಕೇಳಿದಳು. ಅವರು ಕರಡನ್ನು ಅವಳತ್ತ ಸರಿಸಿದರು. ಅವಳೇ ಪದ ತಿದ್ದಿ ಕರಡನ್ನು ಮತ್ತೆ ಅವರ ಮುಂದಿಟ್ಟಳು.

ಸಂಜೆ ಮನೆಗೆ ಬಂದಾಗ ಅಮ್ಮ ಮಗನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಒಳತಂದಿದ್ದಳು. ಅವನನ್ನು ಬಿಡುವವರ ದೇಶ ತಣ್ಣಗಿರಲಿ ಎಂದು ದೇವರಲ್ಲಿ ಬೇಡಿಕೊಂಡದ್ದೂ ಆಗಿತ್ತು.

"ಯಾವತ್ತು ಬರ್ತಾನಂತೆ?"

ಮಗಳು ಚಪ್ಪಲಿ ಬಿಡುವ ನೆಪದಲ್ಲಿ ಬಾಗಿಲಲ್ಲೇ ತಡೆದಳು. ಕೊನೆಗೆ ಇದ್ದದ್ದನ್ನೇ ಹೇಳಿದಳು. "ತೀರ್ಪನ್ನ ಗೌರವಿಸ್ತಾರಂತೆ ಅಮ್ಮ."

"ಅಷ್ಟು ದೊಡ್ಡೋರು ಗೌರವ ಕೊಟ್ಟ ಮೇಲೆ ಇನ್ನೇನು ಬೇಕೇ?" ಎನ್ನುತ್ತ ಅಮ್ಮ ದಿಂಬಿಗೆ ಒಗೆದ ಹೊದಿಕೆ ತೊಡಿಸತೊಡಗಿದಳು. ಅದು ಬಿಗಿಯಾಗಿತ್ತು. ಮಗಳು ಹೋಗಿ ಇನ್ನೊಂದು ತುದಿ ಹಿಡಿದುಕೊಂಡಳು.