ಜೋಡಿ ಕನ್ನಡಿ

"ಹಾಕ್ಕೊಳ್ಳಿ ಕಿಟ್ಟಣ್ಣ, ಇವತ್ತು ನೀವೇ ಮುಂದೆ."

ಬೈಕ್ ಕ್ಲಬ್ಬಿನ ಅಧ್ಯಕ್ಷ ಶ್ರೀಕಾಂತ್ ಹಸಿರು ಜಾಕೆಟ್ಟನ್ನು ಬಿಡಿಸಿ ಹಿಡಿದು, ಮದುವೆಮನೆಯಲ್ಲಿ ಶಾಲು ಹೊದಿಸುವವನ ಹಾಗೆ ನಿಂತಿದ್ದ. ಪೂಂದಮಲ್ಲಿ ದಾಟಿದ ಮೇಲಿನ ಪೆಟ್ರೋಲ್ ಬಂಕಿನಲ್ಲಿ ಸೇರಿದ್ದ ಇಪ್ಪತ್ತೆರಡು ಬೈಕುಗಳ ಸವಾರರು ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಕಿಟ್ಟಣ್ಣನ ಮೈಯೆಲ್ಲ ಉರಿದುಹೋಯಿತು. ಜಾಕೆಟ್ಟನ್ನು ಕಿತ್ತುಕೊಂಡವನಂತೆ ತೆಗೆದುಕೊಂಡು ತೋಳು ತೂರಿಸಿದ. ಅದರ ಜೇಬಿನಲ್ಲಿ ಮಡಿಸಿದ ಕಾಗದವೂ ಒಂದು ಪೆನ್ನೂ ಆಗಲೇ ಇದ್ದವು. ವೇಲೂರಿನಲ್ಲಿ ತಿಂಡಿ ಹೊತ್ತಿಗೆ ಒಂದು ಸಹಿ ಹಾಕಿಬಿಡಿ, ಒಕ್ಕೂಟದವರು ಅಲ್ಲಿಗೇ ಬರುತ್ತಾರೆ ಎಂದು ಶ್ರೀಕಾಂತ್ ಕಿವಿಯ ಹತ್ತಿರ ಬಂದು ಹೇಳಿದ.

ಸಾಲಿನ ಮುಂದೆ ಹೋಗುವವನು ತೊಡುವ ಈ ಹಸಿರು ಜಾಕೆಟ್ಟನ್ನು ಕಿಟ್ಟಣ್ಣ ಹನ್ನೊಂದು ವರ್ಷದಿಂದ ದೂರದಿಂದಲೇ ನೋಡಿಕೊಂಡು ಬಂದಿದ್ದ. ಮುಳಬಾಗಿಲು ಕಡೆಯ ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿ, ಅಂಬತ್ತೂರಿಗೆ ಬಂದು, ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ ಸ್ವಂತ ವರ್ಕ್‌ಶಾಪು ಹಾಕಿದವನು ಅವನು. ಬ್ಯಾಂಕಿನ ಮ್ಯಾನೇಜರುಗಳು, ಸಾಫ್ಟ್‌ವೇರಿನವರು ಸೇರಿ ಕಟ್ಟಿದ ಈ ಮೋಟಾರ್ ಟೂರಿಂಗ್ ಕ್ಲಬ್ಬಿಗೆ ಅವನು ಬೇಕಾದದ್ದು ಸ್ಪ್ಯಾನರಿಗಾಗಿ. ಹಾಗಾಗಿ ಸಾಲಿನ ಕೊನೆಯ ಗಾಡಿ ಯಾವತ್ತೂ ಅವನದೇ. ಕಿತ್ತಳೆ ಬಣ್ಣದ ಜಾಕೆಟ್ಟು, ಎರಡು ಪೆಟ್ಟಿಗೆ ತುಂಬ ಸಾಮಾನು, ಕೆಟ್ಟು ನಿಂತವರ ಜೊತೆ ತಾನೂ ನಿಲ್ಲುವುದು. ಅವನು ಬಂದು ಸೇರುವ ಹೊತ್ತಿಗೆ ಇಡ್ಲಿ ತಣ್ಣಗಾಗಿರುತ್ತಿತ್ತು, ಗುಂಪಿನ ಫೋಟೋ ಮುಗಿದಿರುತ್ತಿತ್ತು. ಕ್ಲಬ್ಬಿನ ಕೋಣೆಯ ಗೋಡೆಯ ಮೇಲೆ ಹನ್ನೊಂದು ವರ್ಷದ ಫೋಟೋಗಳಿವೆ. ಒಂದರಲ್ಲೂ ಕಿಟ್ಟಣ್ಣ ಇಲ್ಲ. ನಾನೂ ಒಂದು ಸಲ ಮುಂದೆ ಹೋಗುತ್ತೇನೆ ಎಂದು ಎರಡು ಬಾರಿ ಬಾಯಿಬಿಟ್ಟು ಕೇಳಿದ್ದ. ನೀವು ಮುಂದೆ ಹೋದರೆ ನಮ್ಮನ್ನು ಕಾಯೋರು ಯಾರು ಎಂದು ನಕ್ಕು ತೇಲಿಸಿದ್ದರು.

ಈಗ ಯಾಕೆ ಕೊಟ್ಟರು ಅನ್ನುವುದು ಅವನಿಗೆ ಗೊತ್ತಿತ್ತು.

ಮೂರು ವಾರದ ಹಿಂದೆ ಇದೇ ರಸ್ತೆಯಲ್ಲಿ, ಓಚೇರಿ ದಾಟಿದ ಮೇಲೆ ಮೇಲ್ಸೇತುವೆಯ ಕೆಲಸ ನಡೆಯುವ ತಿರುವಿನಲ್ಲಿ ಮಧುರಾ ಬಿದ್ದಿದ್ದಳು. ಪೆರಂಬೂರಿನ ಹುಡುಗಿ, ವಿಮಾ ಕಂಪನಿಯಲ್ಲಿ ಕೆಲಸ, ಅದು ಅವಳ ಎರಡನೇ ಸವಾರಿ. ಕಿಟ್ಟಣ್ಣ ಅವಳ ಬೆನ್ನಿಗೇ ಇದ್ದ. ನಲವತ್ತರ ಮೇಲೆ ಅವಳು ಹೋಗಿರಲಿಲ್ಲ. ಚೆಲ್ಲಿದ ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರಿತು, ಅಷ್ಟೇ.

ಸಾಲಿಗೆ ಒಂದು ನಿಯಮವಿದೆ. ಅದನ್ನು ಕ್ಲಬ್ಬಿಗೆ ಕಲಿಸಿದವನೇ ಕಿಟ್ಟಣ್ಣ. ಹಿಂದಿನವನ ದೀಪ ನಿನ್ನ ಕನ್ನಡಿಯಲ್ಲಿ ಕಾಣುತ್ತಿರಬೇಕು. ಕಾಣದಿದ್ದರೆ ನಿಲ್ಲು. ನೀನು ನಿಂತರೆ ನಿನ್ನ ಮುಂದಿನವನಿಗೂ ನೀನು ಕಾಣುವುದಿಲ್ಲ, ಅವನೂ ನಿಲ್ಲುತ್ತಾನೆ. ಹೀಗೆ ಎರಡು ನಿಮಿಷದಲ್ಲಿ ಇಡೀ ಸಾಲು ನಿಲ್ಲುತ್ತದೆ. ಆವತ್ತು ಒಬ್ಬನೂ ನಿಲ್ಲಲಿಲ್ಲ. ಆಂಬುಲೆನ್ಸ್ ಬರುವವರೆಗೆ ನಲವತ್ತು ನಿಮಿಷ ಕಿಟ್ಟಣ್ಣ ಆ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿತ್ತಳೆ ಜಾಕೆಟ್ಟನ್ನು ಬಿಸಿಲಿಗೆ ಅಡ್ಡ ಹಿಡಿದು ಕೂತಿದ್ದ. ಯಾರಿಗೆ ಫೋನು ಮಾಡಿದರೂ ಎತ್ತಲಿಲ್ಲ. ನಡುವೆ ಫೋನು ಟಿಣ್ ಎಂದಿತು. ನೋಡಿದರೆ ಗುಂಪಿನ ಫೋಟೋ. ಎಲ್ಲರ ಕೈಯಲ್ಲೂ ಪೊಂಗಲ್ ತಟ್ಟೆ.

ಮಧುರಾಳ ಮುಂದೆ ಇದ್ದವನು ಶ್ರೀನಾಥ್. ಅವನ ಬೈಕಿಗೆ ಕನ್ನಡಿಯೇ ಇರಲಿಲ್ಲ. ಕ್ಯಾಮೆರಾ ಕೂರಿಸಬೇಕು, ಕನ್ನಡಿ ಅಂದಗೆಡಿಸುತ್ತದೆ ಎಂದು ಹೇಳಿ ತೆಗೆಸಿದ್ದ. ತೆಗೆದುಕೊಟ್ಟವನು ಕಿಟ್ಟಣ್ಣನೇ. ಬೈದಿದ್ದ ನಿಜ, ಬೈಯುತ್ತಲೇ ನಟ್ಟು ಬಿಚ್ಚಿದ್ದ. ಆ ಜೋಡಿ ಕನ್ನಡಿ ಪೇಪರಿನಲ್ಲಿ ಸುತ್ತಿಕೊಂಡು ವರ್ಕ್‌ಶಾಪಿನ ಗೂಡಿನಲ್ಲಿ ಬಿದ್ದಿತ್ತು.

ಯುರೋಪಿನಲ್ಲೆಲ್ಲೋ ಕಚೇರಿ ಇರುವ ಪ್ರವಾಸಿ ಕ್ಲಬ್ಬುಗಳ ಒಕ್ಕೂಟಕ್ಕೆ ಈ ಕ್ಲಬ್ಬು ಅರ್ಜಿ ಹಾಕಿತ್ತು. ಅದು ಸಿಕ್ಕರೆ ಹೊರದೇಶಗಳಿಗೆ ಬೈಕು ತೆಗೆದುಕೊಂಡು ಹೋಗುವುದು ಸಲೀಸು. ಅವರ ನಮೂನೆಯಲ್ಲಿ ಒಂದು ಪ್ರಶ್ನೆ: ಅಪಘಾತವಾಗಿದೆಯೇ, ಕಾರಣವೇನು, ಕಂಡವರು ಯಾರು. ಕಾರಣದ ಮುಂದೆ ಶ್ರೀಕಾಂತ್ 'ಸವಾರಳ ಅತಿವೇಗ' ಎಂದು ಟೈಪು ಮಾಡಿಸಿದ್ದ. ಕಂಡವನ ಜಾಗ ಖಾಲಿ ಇತ್ತು.

"ಒಂದು ಸಹಿ ಕಿಟ್ಟಣ್ಣ," ಎಂದಿದ್ದ ವರ್ಕ್‌ಶಾಪಿಗೆ ಬಂದು. "ಅವಳೇನು ಇನ್ನು ಕ್ಲಬ್ಬಿಗೆ ವಾಪಸ್ ಬರೋಳಲ್ಲ. ಕನ್ನಡಿ ವಿಚಾರ ಎತ್ತಿದ್ರೆ ಬಿಚ್ಚಿದ್ದು ಯಾರು ಅಂತಲೂ ಕೇಳ್ತಾರೆ, ನೋಡಿ. ಬಿಡಿ, ಮುಂದಿನ ಸವಾರಿಗೆ ಹಸಿರು ಜಾಕೆಟ್ ನಿಮ್ಮದು."

ಆ ಸಂಜೆ ಕಿಟ್ಟಣ್ಣ ಪೆರಂಬೂರಿಗೆ ಹೋಗಿದ್ದ. ಹುಡುಗಿಯ ತೋಳು ಕುತ್ತಿಗೆಗೆ ಕಟ್ಟಿತ್ತು. ಅಪ್ಪ ಸುಬ್ರಾಯ, ರೈಲು ಡಬ್ಬಿ ಕಾರ್ಖಾನೆಯಲ್ಲಿ ದುಡಿದು ರಿಟೈರಾದವರು, ಕಾಫಿ ಕೊಟ್ಟು ನೇರವಾಗಿ ಹೇಳಿದರು. ಇವಳದೇ ತಪ್ಪು ಅಂತ ಕ್ಲಬ್ಬು ಬರೆದುಕೊಟ್ಟರೆ ಬೈಕು ಅವತ್ತೇ ಮನೆಯಿಂದ ಆಚೆ, ಇನ್ನು ಅವಳು ಸೈಕಲ್ಲೂ ಮುಟ್ಟುವ ಹಾಗಿಲ್ಲ. ಮಧುರಾ ಅಪ್ಪನ ಕಡೆ ನೋಡಲಿಲ್ಲ.

"ಅಂಕಲ್, ನಾನು ಮಿರರ್‌ನಲ್ಲಿ ನಿಮ್ಮನ್ನ ನೋಡ್ಕೊಂಡೇ ಇದ್ದೆ. ನೀವ್ ಇದ್ರಿ," ಎಂದಳು, ತಮಿಳು ಬೆರೆತ ಕನ್ನಡದಲ್ಲಿ. "ಮುಂದಿದ್ದವ್ರು ಏನ್ ಅಂಕಲ್, ಒಂದ್ ತಡವೆ ಕೂಡ ತಿರುಂಬಿ ನೋಡ್ಲಿಲ್ವಲ್ಲ?"

ಕಿಟ್ಟಣ್ಣ ಕಾಫಿ ಲೋಟ ಕೆಳಗಿಟ್ಟ. ಉತ್ತರ ಪೇಪರಿನಲ್ಲಿ ಸುತ್ತಿ ಗೂಡಿನಲ್ಲಿತ್ತು.

ಈಗ ಮುಂದೆ ಹೋಗುತ್ತಿದ್ದ ಕಿಟ್ಟಣ್ಣನ ಕನ್ನಡಿಯಲ್ಲಿ ಇಪ್ಪತ್ತೊಂದು ದೀಪಗಳು ಸಾಲಾಗಿ ಕಾಣುತ್ತಿದ್ದವು. ನೋಡಲು ಚೆನ್ನಾಗಿಯೇ ಇತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಓಚೇರಿ ಬಂತು, ತಿರುವು ಬಂತು, ಜಲ್ಲಿ ಇನ್ನೂ ಹಾಗೆಯೇ ಚೆಲ್ಲಿತ್ತು. ಕಿಟ್ಟಣ್ಣ ಕೈಯೆತ್ತಿ, ಗಾಡಿಯನ್ನು ನಿಧಾನವಾಗಿ ಅಂಚಿಗೆ ತಂದು ಎಂಜಿನ್ ಆರಿಸಿದ. ಮುಂದಿನ ಗಾಡಿಯನ್ನು ಯಾರೂ ದಾಟುವಂತಿಲ್ಲ ಎನ್ನುವುದು ಇನ್ನೊಂದು ನಿಯಮ. ಎಲ್ಲರೂ ನಿಂತರು.

ಮೊದಲು ಪಂಕ್ಚರೇ ಎಂದು ಕೇಳಿದರು. ಅಲ್ಲ ಎಂದ. ನಲವತ್ತು ನಿಮಿಷ ಇಲ್ಲೇ ನಿಲ್ಲೋದು ಎಂದ. ಬಿಸಿಲು ಹೆಲ್ಮೆಟ್ಟಿನ ಮೇಲೆ ಕಾಯತೊಡಗಿತ್ತು, ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಒಬ್ಬ ನೀರು ಕುಡಿದ, ಒಬ್ಬ ತಮಿಳಿನಲ್ಲಿ ಗೊಣಗಿದ. ಹತ್ತು ನಿಮಿಷಕ್ಕೆ ಶ್ರೀಕಾಂತ್ ನಡೆದು ಬಂದ.

"ಏನ್ ಕಿಟ್ಟಣ್ಣ ಇದು ತಮಾಷೆ? ಅಲ್ಲಿ ಅವರು ಕಾಯ್ತಾ ಇದಾರೆ."

"ಕಾಯ್ಲಿ ಬಿಡಿ ಸಾರ್. ಆ ಮಗಾನೂ ಕಾದಿತ್ತು, ಇದೇ ಕಲ್ಲಿನ ಮ್ಯಾಲೆ. ನೀವು ಪೊಂಗಲ್ ತಿಂತಿದ್ರಿ."

"ಮುಗಿದು ಹೋಗಿದ್ದನ್ನ ಎಳೀಬೇಡಿ. ಸಹಿ ಹಾಕಿದ್ರಾ?"

ಕಿಟ್ಟಣ್ಣ ಕಾಗದ ತೆಗೆದು, ಸೀಟಿನ ಮೇಲಿಟ್ಟು, ಟೈಪು ಮಾಡಿದ್ದ ಸಾಲನ್ನು ಪೆನ್ನು ಒತ್ತಿ ಎರಡು ಸಲ ಗೀಚಿ ಅಳಿಸಿದ. ಅದರ ಕೆಳಗೆ, ಹಳ್ಳಿ ಶಾಲೆಯ ಮೇಷ್ಟ್ರು ಕಲಿಸಿದ ದುಂಡು ಅಕ್ಷರದಲ್ಲಿ, ಕನ್ನಡದಲ್ಲಿ ಬರೆದ. 'ದಾರಿಯಲ್ಲಿ ಜಲ್ಲಿ ಇತ್ತು. ಹುಡುಗಿ ನಿಧಾನವಾಗಿಯೇ ಇದ್ದಳು. ಮುಂದಿನವನ ಗಾಡಿಗೆ ಕನ್ನಡಿ ಇರಲಿಲ್ಲ. ಅದನ್ನು ಕಳಚಿದವನು ನಾನು.' ಹೆಸರು ಹಾಕಿದ. ಫೋನು ತೆಗೆದು ಕಾಗದದ ಫೋಟೋ ಹಿಡಿದು ಪೆರಂಬೂರಿಗೆ ಕಳಿಸಿ, ಆಮೇಲೆ ಕಾಗದವನ್ನು ಶ್ರೀಕಾಂತನ ಕೈಗೆ ಕೊಟ್ಟ.

ಓದುತ್ತಾ ಓದುತ್ತಾ ಶ್ರೀಕಾಂತನ ಮುಖ ಕಪ್ಪಿಟ್ಟಿತು. "ಇದನ್ನ ಅವರ ಮುಂದೆ ಇಡೋಕಾಗುತ್ತಾ? ನಿಮ್ಮ ಅಂಗಡಿಗೆ ಇನ್ಯಾರು ಗಾಡಿ ತರ್ತಾರೆ, ಯೋಚನೆ ಮಾಡಿದೀರಾ?"

"ಮಾಡಿದ್ದೀನಿ. ಇಡದಿದ್ರೆ ಹರ್ದಾಕಿ. ನನ್ ಬಾಯಿ ಹರಿಯಾಕಾಗಲ್ಲ."

ಹಸಿರು ಜಾಕೆಟ್ಟನ್ನು ಬಿಚ್ಚಿ ಅವನ ಹೆಗಲ ಮೇಲೆ ಎಸೆದ. ಶ್ರೀಕಾಂತ್ ಕಾಗದ ಮಡಿಸಿಕೊಂಡು, ಜಾಕೆಟ್ಟು ತೊಟ್ಟು, ತನ್ನ ಗಾಡಿಗೆ ಹೋಗಿ ಚಾಲೂ ಮಾಡಿದ. ಅವನ ಹಿಂದೆ ಒಬ್ಬೊಬ್ಬರೇ ಹೊರಟರು. ಕೆಲವರು ಕಿಟ್ಟಣ್ಣನ ಮುಖ ನೋಡಿದರು, ಹೆಚ್ಚಿನವರು ನೋಡಲಿಲ್ಲ. ಎಲ್ಲರೂ ದಾಟಿ ಹೋದ ಮೇಲೆ ಅವನು ಮತ್ತೆ ಸಾಲಿನ ಕೊನೆಯಲ್ಲಿದ್ದ.

ಕೊನೆಯಲ್ಲಿ ಇನ್ನೊಬ್ಬನೂ ಇದ್ದ. ಆವತ್ತು ಮಧುರಾಳ ಮುಂದಿದ್ದ ಶ್ರೀನಾಥ್ ಹೊರಟಿರಲಿಲ್ಲ. ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಜಲ್ಲಿಯನ್ನೇ ನೋಡುತ್ತಾ ನಿಂತಿದ್ದ.

"ಅವಳು ಬಿದ್ದ ಸದ್ದು ನನಗೆ ಕೇಳಿಸಲೇ ಇಲ್ಲ ಕಿಟ್ಟಣ್ಣ," ಎಂದ. "ಆಣೆಗೂ ಕೇಳಿಸಲಿಲ್ಲ."

"ಕೇಳ್ಸೋದಲ್ಲ ಸ್ವಾಮಿ. ಕಾಣ್ಬೇಕಿತ್ತು."

ಕೆನ್ನೆಗೆ ಬಾರಿಸಬೇಕು ಎಂದು ಮೂರು ವಾರದಿಂದ ಕೈ ಕಡಿಯುತ್ತಿತ್ತು. ಕಿಟ್ಟಣ್ಣ ಅದೇ ಕೈಯಿಂದ ಬಲಗಡೆಯ ಪೆಟ್ಟಿಗೆ ತೆರೆದು, ಬೆಳಿಗ್ಗೆ ಗೂಡಿನಿಂದ ತಂದಿಟ್ಟಿದ್ದ ಪೇಪರಿನ ಗಂಟು ತೆಗೆದ. ಹದಿನಾಲ್ಕರ ಸ್ಪ್ಯಾನರು ಹುಡುಕಿದ. ಶ್ರೀನಾಥನ ಕ್ಯಾಮೆರಾವನ್ನು, ಕೇಳದೆಯೇ, ಬಿಚ್ಚಿ ಅವನ ಅಂಗೈಗೆ ಹಾಕಿ, ಬಲಗಡೆಯ ಕನ್ನಡಿಯನ್ನು ತಿರುಪಿ ಕೂರಿಸಿದ. ಸೀಟಿನ ಮೇಲೆ ಕೂತುಕೋ ಎಂದು ಕಣ್ಣಲ್ಲೇ ಹೇಳಿದ. ಅವನು ಕೂತ.

"ಏನ್ ಕಾಣ್ತದೆ?"

ಶ್ರೀನಾಥ್ ಬಗ್ಗಿ ನೋಡಿದ. "ರಸ್ತೆ."

"ಮತ್ತೆ?"

ಅವನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಕಿಟ್ಟಣ್ಣ ಅಂಗಿಯ ಚುಂಗಿನಿಂದ ಗಾಜಿನ ಮೇಲಿನ ಧೂಳು ಒರೆಸಿದ. ಒಳಗೆ ಜಲ್ಲಿ ಬಿಸಿಲಿಗೆ ಮಿನುಗುತ್ತಿತ್ತು, ಅದರ ಹಿಂದೆ ರಸ್ತೆ ಖಾಲಿಯಾಗಿತ್ತು. ಅವನು ಆಚೆ ಬದಿಗೆ ಹೋಗಿ ಎರಡನೆಯ ಕನ್ನಡಿಯ ನಟ್ಟನ್ನು ಬಿಗಿಯತೊಡಗಿದ.